ನುಡಿಯ ಉಳಿವೂ ತರುಣರ ಕ್ಷೇಮವೂ

ಒಂದು ಜನಾಂಗದ ನುಡಿಯು ನಶಿಸಿದರೆ ಶಬ್ದಸಂಪತ್ತು ನಷ್ಟವಾಗುವುದೆಂಬುದು ವಿದ್ವಾಂಸರಿಗೆ ವಿದಿತವಾದ ವಿಷಯ. ಆ ನಷ್ಟಕ್ಕೂ ಆ ಜನಾಂಗದ ತರುಣರ ಪ್ರಾಣಕ್ಕೂ ಸಂಬಂಧವುಂಟೇ ಎಂಬ ಪ್ರಶ್ನೆಯನ್ನು ಕೆನಡಾ ದೇಶದ ಪಶ್ಚಿಮ ಕರಾವಳಿಯಲ್ಲಿರುವ ಬ್ರಿಟಿಷ್ ಕೊಲಂಬಿಯಾ ಪ್ರಾಂತದ ಮೂಲನಿವಾಸಿಗಳ ಚರಿತ್ರೆಯು ನಮ್ಮ ಮುಂದಿಡುತ್ತದೆ.

ಆ ಪ್ರಾಂತದಲ್ಲಿ ಮೂವತ್ತಕ್ಕಿಂತ ಹೆಚ್ಚು ಮೂಲನಿವಾಸಿ ಭಾಷೆಗಳುಂಟು. ಹಿಂದೆ ಸರ್ಕಾರದ ಆಶ್ರಯದಲ್ಲಿ ಕ್ರೈಸ್ತಸಂಸ್ಥೆಗಳು ನಡೆಸುತ್ತಿದ್ದ ವಸತಿಶಾಲೆಗಳಲ್ಲಿ, ತಾಯಿತಂದೆಗಳಿಂದ ಅಗಲಿಸಿ ತಂದ ಮಕ್ಕಳು ಸ್ವಭಾಷೆಯನ್ನಾಡಿದರೆ ದಂಡನೆಗೆ ಗುರಿಯಾಗುತ್ತಿದ್ದರು. ಹೀಗೆ ನುಡಿಯು ಹಿರಿಯರಿಂದ ಕಿರಿಯರಿಗೆ ಇಳಿದುಬರುವ ದಾರಿ ಕಡಿದುಹೋಯಿತು. ಸದಸ್ಯರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಸ್ವಭಾಷೆಯಲ್ಲಿ ಸಂಭಾಷಿಸಬಲ್ಲ ಸಮುದಾಯಗಳಲ್ಲಿ ತರುಣರ ಆತ್ಮಹತ್ಯೆಯು ಅತ್ಯಲ್ಪ, ಕೆಲವೆಡೆ ಇಲ್ಲವೇ ಇಲ್ಲ ಎಂಬುದನ್ನು 2007ರಲ್ಲಿ ಹ್ಯಾಲೆಟ್, ಚಾಂಡ್ಲರ್, ಲಲಾಂಡ್ ಎಂಬ ಸಂಶೋಧಕರು ತೋರಿಸಿದರು. ಇದರಿಂದ ನುಡಿಯೊಂದೇ ಕಾರಣವೆಂದು ಸಿದ್ಧವಾಗದು. ಶಿಕ್ಷಣ, ಆರೋಗ್ಯ ಮೊದಲಾದ ವ್ಯವಹಾರಗಳು ಸಮುದಾಯದ ಕೈಯಲ್ಲಿಯೇ ಇದ್ದೆಡೆಗಳಲ್ಲಿಯೂ ಇಂತಹದೇ ಫಲವು ಕಂಡುಬಂದುದನ್ನು ಚಾಂಡ್ಲರ್, ಲಲಾಂಡ್ ಇಬ್ಬರೂ 1998ರಲ್ಲಿಯೇ ಪ್ರಕಟಿಸಿದ್ದರು. ತಮ್ಮದು ತಮ್ಮ ವಶದಲ್ಲಿರುವುದೆಂಬುದೇ ಈ ಎರಡಕ್ಕೂ ಸಮಾನವಾದ ಅಂಶ.

ವ್ಯಾಂಕೂವರ್ ದ್ವೀಪದ ಸಾನಿಚ್ ಜನರ ಸೆಂಚೋಥೆನ್ ನುಡಿಯಲ್ಲಿ ಈ ಅಂಶವು ಸ್ಪಷ್ಟವಾಗುತ್ತದೆ. ಮೊದಲು ಬೆಸ್ತರಾಗಿದ್ದು, ಬಳಿಕ ಶಾಲೆಯೊಂದರ ಪರಿಚಾರಕರಾದ ಡೇವ್ ಎಲಿಯಟ್ ಅವರು 1978ರಲ್ಲಿ ಹಳೆಯದೊಂದು ಬೆರಳಚ್ಚು ಯಂತ್ರವನ್ನು ಕೊಂಡು, ರೋಮನ್ ಅಕ್ಷರಗಳಿಗೆ ಗೀಟುಗಳನ್ನು ಸೇರಿಸಿ ಆ ನುಡಿಗೊಂದು ಲಿಪಿಯನ್ನು ನಿರ್ಮಿಸಿದರು. ಅವರ ಪುತ್ರ ಜಾನ್ ಎಲಿಯಟ್ ಅವರೂ ಪೀಟರ್ ಬ್ರ್ಯಾಂಡ್ ಎಂಬ ಅಧ್ಯಾಪಕರೂ ಕಂಡ ಯೋಜನೆಯು 2003ರಲ್ಲಿ 'ಫಸ್ಟ್‌ವಾಯ್ಸಸ್' ಎಂಬ ಅಂತರ್ಜಾಲಕೋಶವಾಯಿತು. ಪ್ರಾಂತದ ಅನೇಕ ಭಾಷೆಗಳ ಶಬ್ದಗಳೂ ಕಥೆಗಳೂ ಹಿರಿಯರ ಧ್ವನಿಯಲ್ಲಿಯೇ ಅಲ್ಲಿ ಸಂಗ್ರಹವಾಗಿವೆ. ಯಾವುದು ಲೋಕಕ್ಕೆ, ಯಾವುದು ಸ್ವಜನರಿಗೆ ಮಾತ್ರ ಎಂಬುದನ್ನು ಆಯಾ ಸಮುದಾಯವೇ ನಿರ್ಣಯಿಸುತ್ತದೆ. 2016ರಲ್ಲಿ ಹೊರಬಂದ ಕೀಲಿಮಣೆಯಿಂದ ನೂರಕ್ಕೂ ಮಿಕ್ಕ ಮೂಲನಿವಾಸಿ ಭಾಷೆಗಳನ್ನು ಮೊಬೈಲಿನಲ್ಲಿಯೇ ಬರೆಯುವುದು ಸಾಧ್ಯವಾಯಿತು.

ಕೀಲಿಮಣೆಯು ಅಲ್ಪವಸ್ತುವೆಂದು ತೋರಬಹುದು. ಆದರೆ ಇಂದಿನ ತರುಣರ ಕುಶಲಪ್ರಶ್ನೆ, ಹಾಸ್ಯ, ಜಗಳಗಳೆಲ್ಲ ಬಹುಮಟ್ಟಿಗೆ ಆ ಪುಟ್ಟ ಯಂತ್ರದಲ್ಲಿಯೇ ನಡೆಯುತ್ತವೆ. ಅಲ್ಲಿ ಅಕ್ಷರವಿಲ್ಲದ ನುಡಿಯು ಅವರ ದಿನಚರಿಯಿಂದ ಹೊರಗುಳಿಯುತ್ತದೆ.

ಯಂತ್ರಕ್ಕೂ ಮಿತಿಯುಂಟು. ಮುದ್ರಿತವಾದ ಧ್ವನಿಯು ಹೇಳಿದ್ದನ್ನೇ ಹೇಳೀತು. ಕೇಳಿದುದಕ್ಕೆ ಉತ್ತರ ಕೊಡದು, ತಪ್ಪನ್ನು ತಿದ್ದದು. ಆದುದರಿಂದಲೇ ಆ ಪ್ರಾಂತದಲ್ಲಿ, ಒಬ್ಬ ಹಿರಿಯರೊಡನೆ ಒಬ್ಬ ಕಲಿಯುವವನು ವರ್ಷಕ್ಕೆ 300 ಗಂಟೆಗಳ ಕಾಲ ಸ್ವಭಾಷೆಯಲ್ಲಿಯೇ ವ್ಯವಹರಿಸುವ ಏರ್ಪಾಡನ್ನೂ ಮಾಡಿದ್ದಾರೆ. ಕೋಶದಲ್ಲಿ ದೊರೆತ ಶಬ್ದಕ್ಕೆ ಅಲ್ಲಿ ಮರುಮಾತು ದೊರೆಯುತ್ತದೆ.