ಸಂತ ಬ್ಲೇಸರ ಹಬ್ಬ ಮತ್ತು ಪಾರ್ಕಿನ್ಸನ್ ರೋಗಿಗಳ ಗಂಟಲು

ಫೆಬ್ರವರಿ 3ರಂದು ಸಂತ ಬ್ಲೇಸರ ಹಬ್ಬ. ಗುರುಗಳು ಎರಡು ಮೇಣದಬತ್ತಿಗಳನ್ನು ಶಿಲುಬೆಯಾಕಾರದಲ್ಲಿ ನಮ್ಮ ಕೊರಳಿಗೆ ಹಿಡಿದು ಗಂಟಲನ್ನು ಆಶೀರ್ವದಿಸುತ್ತಾರೆ. ಅರ್ಮೇನಿಯಾದ ಸೆಬಾಸ್ತೆಯ ಧರ್ಮಾಧ್ಯಕ್ಷರಾಗಿದ್ದ ಈ ರಕ್ತಸಾಕ್ಷಿ, ಮೀನಿನ ಮುಳ್ಳು ಸಿಕ್ಕಿ ಸಾಯುತ್ತಿದ್ದ ಬಾಲಕನನ್ನು ಉಳಿಸಿದರೆಂಬುದು ಪರಂಪರೆಯ ಮಾತು. ಆಶೀರ್ವಾದದ ಸಾಲಿನಲ್ಲಿ ಕೈ ನಡುಗುವ ಹಿರಿಯರೂ ನಿಂತಿರುತ್ತಾರೆ. ಪಾರ್ಕಿನ್ಸನ್ ಎಂದರೆ ಕೈನಡುಕ ಎಂದಷ್ಟೇ ನಾವು ತಿಳಿದಿದ್ದೇವೆ. ಆದರೆ ಈ ಕಾಯಿಲೆಯವರ ಸಾವಿಗೆ ಮುಖ್ಯ ಕಾರಣಗಳಲ್ಲಿ ಒಂದು ನ್ಯುಮೋನಿಯಾ. ಅದು ಬಹಳ ಸಲ ಗಂಟಲಿನ ದಾರಿಯಲ್ಲೇ ಬರುತ್ತದೆ.

ಮೆದುಳಿನಲ್ಲಿ ಡೋಪಮಿನ್ ಎಂಬ ರಾಸಾಯನಿಕ ಕಡಿಮೆಯಾದಾಗ ಕೈಕಾಲುಗಳಂತೆ ನಾಲಿಗೆ, ಗಂಟಲುಗಳ ಸ್ನಾಯುಗಳೂ ನಿಧಾನವಾಗುತ್ತವೆ. ಜೊಲ್ಲು ಸುರಿಯುವುದು ಜೊಲ್ಲು ಹೆಚ್ಚಾದುದರಿಂದಲ್ಲ, ಅದನ್ನು ನುಂಗುವುದು ಕಡಿಮೆಯಾದುದರಿಂದ. ಅನ್ನದ ಅಗುಳು, ನೀರು, ಬಾಯಿಯ ಕ್ರಿಮಿಗಳು ಅನ್ನನಾಳದ ಬದಲು ಶ್ವಾಸನಾಳಕ್ಕೆ ಇಳಿದು ಶ್ವಾಸಕೋಶದಲ್ಲಿ ಸೋಂಕು ಹಿಡಿಸುತ್ತವೆ. 2005ರ ಮಾರ್ಚ್ 27ರ ಪಾಸ್ಖ ಭಾನುವಾರ ಪೋಪ್ ಇಮ್ಮಡಿ ಜಾನ್ ಪೌಲರು ಕಿಟಕಿಯಲ್ಲಿ ಕಾಣಿಸಿಕೊಂಡು ಮಾತು ಹೊರಡದೆ ಕೈಯಿಂದಲೇ ಆಶೀರ್ವದಿಸಿದ್ದು ನಮ್ಮಲ್ಲಿ ಹಲವರಿಗೆ ನೆನಪಿರಬಹುದು. ಉಸಿರಾಟದ ತೊಂದರೆಯಿಂದಾಗಿ ಒಂದು ತಿಂಗಳ ಹಿಂದಷ್ಟೇ ಅವರ ಶ್ವಾಸನಾಳಕ್ಕೆ ಶಸ್ತ್ರಚಿಕಿತ್ಸೆಯಾಗಿತ್ತು.

ನಮಗೆ ನೆತ್ತಿಗೆ ಹತ್ತಿದರೆ 'ಯಾರೋ ನೆನೆಸಿಕೊಂಡರು' ಎಂದು ತಲೆ ತಟ್ಟಿ ನೀರು ಕೊಡುತ್ತಾರೆ. ಪಾರ್ಕಿನ್ಸನ್ ರೋಗಿಗೆ ಆ ನೀರೇ ಅಪಾಯ. ತೆಳುವಾದ ದ್ರವ ಬೇಗ ಜಾರಿ ತಪ್ಪು ದಾರಿ ಹಿಡಿಯುತ್ತದೆ. ಮೊದಲು ಅವರು ಮುಂದಕ್ಕೆ ಬಾಗಿ ಕೆಮ್ಮಲಿ. ಅದಕ್ಕಿಂತ ಕಷ್ಟವಾದುದು, ಕೆಮ್ಮೇ ಬಾರದೆ ಆಹಾರ ಒಳಗಿಳಿಯುವುದು. ಊಟದ ಬಳಿಕ ದನಿ ಒದ್ದೆಯಾಗಿ ಗೊರಗೊರ ಎನ್ನುವುದು, ಊಟ ಮುಗಿಸಲು ತುಂಬ ಹೊತ್ತು ಹಿಡಿಯುವುದು, ಕಾರಣವಿಲ್ಲದೆ ತೂಕ ಇಳಿಯುವುದು, ಇವೇ ಅದರ ಗುರುತುಗಳು. ಇವು ಕಂಡಾಗ ವೈದ್ಯರಿಗೆ ತಿಳಿಸಿ ನುಂಗುವಿಕೆಯ ಪರೀಕ್ಷೆ ಮಾಡಿಸಬೇಕು. ಬೆಂಗಳೂರಿನ ನಿಮ್ಹಾನ್ಸ್, ಮೈಸೂರಿನ ವಾಕ್ ಶ್ರವಣ ಸಂಸ್ಥೆಗಳಲ್ಲಿ ಇದರ ತಜ್ಞರಿದ್ದಾರೆ. ನೀರನ್ನು ಮಂದಮಾಡಿ ಕೊಡಬೇಕೋ, ಗದ್ದ ತಗ್ಗಿಸಿ ನುಂಗಬೇಕೋ ಎಂಬುದು ಒಬ್ಬೊಬ್ಬರಿಗೆ ಒಂದೊಂದು ಬಗೆ, ನಾವಾಗಿ ತೀರ್ಮಾನಿಸುವಂತಿಲ್ಲ.

ಊಟದ ವಿಷಯದಲ್ಲಿ ಮನೆಯವರ ಕೈಯಲ್ಲಿರುವುದು ಬಹಳ. ನೆಟ್ಟಗೆ ಕೂರಿಸಿ, ಸಣ್ಣ ತುತ್ತು ಕೊಟ್ಟು, ಟಿವಿ ಆರಿಸಿ, ಮಾತಾಡಿಸದೆ ತಿನ್ನಿಸಬೇಕು. ರಾಗಿಮುದ್ದೆಯನ್ನು ನಾವು ಅಗಿಯದೆ ನುಂಗುತ್ತೇವೆ, ಆದ್ದರಿಂದ ಪರೀಕ್ಷೆಯಾಗುವವರೆಗೆ ಅದು ಬೇಡ. ನೀರೂ ಅಗುಳೂ ಬೇರೆಬೇರೆಯಾಗಿರುವ ಗಂಜಿಯೂ ಸುಲಭವೆಂದು ತೋರಿದರೂ ಸುಲಭವಲ್ಲ, ಚೆನ್ನಾಗಿ ಮಸೆದು ಕೊಡಿ. ಹಬ್ಬದ ದಿನ ಬಂದವರೆಲ್ಲ ಪ್ರೀತಿಯಿಂದ ಅಜ್ಜನ ಬಾಯಿಗೆ ಒಂದೊಂದು ತುಂಡು ಕೇಕು, ಚಕ್ಕುಲಿ ಇಡುವ ನಮ್ಮ ವಾಡಿಕೆಯನ್ನು ಮಾತ್ರ ನಯವಾಗಿ ತಡೆಯಲೇಬೇಕು.

ಲೆವೊಡೋಪಾ ಮಾತ್ರೆಯನ್ನು ವೈದ್ಯರು ಹೇಳಿದ ಹೊತ್ತಿಗೇ ಕೊಟ್ಟು, ಅದರ ಪ್ರಭಾವವಿರುವಾಗ ಊಟ ಮಾಡಿಸುವುದು ಒಳ್ಳೆಯದು. ತಪಸ್ಸುಕಾಲದ ಉಪವಾಸವೆಂದು ಮಾತ್ರೆ, ಊಟ ಬಿಡುವ ಹಿರಿಯರಿದ್ದಾರೆ. ಧರ್ಮಸಭೆಯ ನಿಯಮದಂತೆ ಉಪವಾಸದ ಕಟ್ಟು 60ಕ್ಕೆ ಕಾಲಿಟ್ಟವರಿಗಿಲ್ಲ. ಪರಮಪ್ರಸಾದಕ್ಕೆ ಮುಂಚಿನ ಒಂದು ಗಂಟೆಯ ಉಪವಾಸವೂ ವೃದ್ಧರಿಗೆ, ವ್ಯಾಧಿಸ್ಥರಿಗೆ ಕಡ್ಡಾಯವಲ್ಲ. ದಿನಕ್ಕೆರಡು ಬಾರಿ ಹಲ್ಲು, ನಾಲಿಗೆ, ಕಟ್ಟಿಸಿದ ಹಲ್ಲಿನ ಸೆಟ್ಟು ಶುಚಿ ಮಾಡಬೇಕು. ಬಾಯಿ ಶುಚಿಯಾಗಿದ್ದರೆ ಒಳಗಿಳಿಯುವ ಕ್ರಿಮಿಗಳೂ ಕಡಿಮೆ. ಫ್ಲೂ ಮತ್ತು ನ್ಯುಮೋಕಾಕಲ್ ಲಸಿಕೆಗಳ ಬಗ್ಗೆಯೂ ವೈದ್ಯರನ್ನು ಕೇಳಿ.

ವೃದ್ಧರಲ್ಲಿ ನ್ಯುಮೋನಿಯಾ ಜ್ವರವಿಲ್ಲದೆಯೂ ಬರುತ್ತದೆ. ಉಸಿರು ಬಿರುಸಾದರೆ, ಇದ್ದಕ್ಕಿದ್ದಂತೆ ಮಂಕಾದರೆ, ಮಾತು ತಪ್ಪಿದರೆ ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ. ಪಾರ್ಕಿನ್ಸನ್ ಇದೆಯೆಂದು ಅಲ್ಲಿ ಮೊದಲೇ ಹೇಳಿ. ವಾಂತಿಗೆ ಕೊಡುವ ಮೆಟೊಕ್ಲೋಪ್ರಮೈಡ್‌ನಂಥ ಕೆಲವು ಔಷಧಗಳು ಈ ಕಾಯಿಲೆಯನ್ನು ಹೆಚ್ಚಿಸುತ್ತವೆ.

ಇನ್ನೊಂದು ಮಾತು. ಒಣ ಅಪ್ಪ ಗಂಟಲಿಗೆ ಅಂಟುವುದೆಂಬ ಹೆದರಿಕೆಯಿಂದ ಕೆಲವರು ಪರಮಪ್ರಸಾದವನ್ನೇ ಬಿಟ್ಟಿರುತ್ತಾರೆ, ನಾಚಿಕೆಯಿಂದ ಯಾರಿಗೂ ಹೇಳುವುದಿಲ್ಲ. ಅತಿ ಚಿಕ್ಕ ತುಣುಕಿನಲ್ಲೂ ಪ್ರಭು ಪೂರ್ಣವಾಗಿ ಇರುತ್ತಾರೆ. ಅದೂ ಆಗದಿದ್ದರೆ ದ್ರಾಕ್ಷಾರಸದ ರೂಪದಲ್ಲಿ ಮಾತ್ರ ಕೊಡಲು ಧರ್ಮಸಭೆಯ ಕಾನೂನಿನ 925ನೇ ನಿಯಮ ಅವಕಾಶ ಕೊಡುತ್ತದೆ. ಮನೆಗೆ ಪರಮಪ್ರಸಾದ ತರುವ ಗುರುಗಳಿಗೆ ಇದನ್ನು ಮುಂಚೆಯೇ ತಿಳಿಸಿರಿ. ರೋಗಿಯನ್ನು ಹಾಸಿಗೆಯಿಂದ ಎಬ್ಬಿಸಿ ನೆಟ್ಟಗೆ ಕೂರಿಸಿರಿ, ಸ್ವೀಕರಿಸಿದ ಮೇಲೂ ಅರ್ಧ ಗಂಟೆ ಮಲಗಿಸಬೇಡಿ.