ಹೊನ್ನೋಜನ ಹೆಸರು ಉಳಿದ ಗುಡಿ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳು ಇಂದು ಉಂಡೆ ಕೊಬ್ಬರಿಯಿಂದ ಹೆಸರಾಗಿದ್ದರೂ, ಈ ತೆಂಗಿನ ಸೀಮೆ ಹದಿಮೂರನೆಯ ಶತಮಾನದಲ್ಲಿ ಹೊಯ್ಸಳ ದಂಡನಾಯಕರು ಪೈಪೋಟಿಗೆ ಬಿದ್ದವರಂತೆ ಗುಡಿ ಕಟ್ಟಿಸಿದ ನೆಲವಾಗಿತ್ತು. ಮೂರನೆಯ ನರಸಿಂಹನ ಆಳ್ವಿಕೆಯಲ್ಲಿ, 1261ರಲ್ಲಿ ಗೋಪಾಲ ದಂಡನಾಯಕನು ಶೆಟ್ಟಿಕೆರೆಯ ಯೋಗಮಾಧವ ಗುಡಿಯನ್ನೂ, 1263ರಲ್ಲಿ ಸೋಮಣ್ಣ ದಂಡನಾಯಕನು ತುರುವೇಕೆರೆಯ ಚೆನ್ನಿಗರಾಯ ಗುಡಿಯನ್ನೂ, 1286ರಲ್ಲಿ ಅಪ್ಪಯ್ಯ, ಗೋಪಾಲ, ಮಾಧವರೆಂಬ ಸೋದರರು ವಿಘ್ನಸಂತೆಯ ಲಕ್ಷ್ಮೀನರಸಿಂಹ ಗುಡಿಯನ್ನೂ ಕಟ್ಟಿಸಿದರು. ಹಣ ಕೊಟ್ಟವರ ಹೆಸರು ಹೀಗೆ ಇಸವಿಯ ಸಮೇತ ಉಳಿದಿದೆ. ಉಳಿ ಹಿಡಿದವರ ಹೆಸರು ಉಳಿದದ್ದು ಅಪರೂಪ. ತಿಪಟೂರು ತಾಲ್ಲೂಕಿನ ಅರಳಗುಪ್ಪೆಯ ಚೆನ್ನಕೇಶವ ಗುಡಿಗೆ ಈ ಸೀಮೆಯಲ್ಲಿ ವಿಶೇಷ ಸ್ಥಾನ ಸಲ್ಲುವುದು ಅಲ್ಲಿ ಹೊನ್ನೋಜನೆಂಬ ಶಿಲ್ಪಿಯ ಹೆಸರು ಕಲ್ಲಿನಲ್ಲೇ ಕೆತ್ತಿಕೊಂಡು ನಿಂತಿರುವುದರಿಂದ.

ಹದಿಮೂರನೆಯ ಶತಮಾನದ ನಡುಭಾಗಕ್ಕೆ ಸೇರಿದ ಈ ಗುಡಿ ಏಕಕೂಟ, ಅಂದರೆ ಒಂದೇ ಗರ್ಭಗೃಹವುಳ್ಳದ್ದು. ಅದರ ತಳವಿನ್ಯಾಸ ನಕ್ಷತ್ರದ ಆಕಾರದ್ದಾಗಿದ್ದು, ಇಂಥ ಆಕಾರವನ್ನು ಪಡೆಯುವ ಲೆಕ್ಕ ಸರಳವಾಗಿದೆ: ಒಂದೇ ಕೇಂದ್ರದ ಸುತ್ತ ಚೌಕವೊಂದನ್ನು ಸಮಾನ ಕೋನಗಳಲ್ಲಿ ತಿರುಗಿಸುತ್ತ ಹೋದರೆ, ನಾಲ್ಕು ಚೌಕಗಳಿಂದ ಹದಿನಾರು ಮೂಲೆಗಳು ಹೊರಚಾಚಿಕೊಳ್ಳುತ್ತವೆ. ಸರಳವಲ್ಲದ್ದು ಅದರ ಫಲ. ಗೋಡೆ ಎಲ್ಲಿಯೂ ನೇರವಾಗಿ ಓಡದೆ ಮಡಿಕೆ ಮಡಿಕೆಯಾಗಿ ನಿಲ್ಲುವುದರಿಂದ, ಬಿಸಿಲು ಓರೆಯಾಗಿ ಬಿದ್ದಾಗ ಒಂದು ಮುಖ ಬೆಳಗಿದರೆ ಅದರ ಪಕ್ಕದ ಮುಖ ನೆರಳಿಗೆ ಸರಿಯುತ್ತದೆ. ಗೋಡೆಯ ಬುಡದಲ್ಲಿ ಒಂದರ ಮೇಲೊಂದು ಸಾಗುವ ಶಿಲ್ಪಪಟ್ಟಿಕೆಗಳು ಇದರಿಂದಾಗಿ ಗುಡಿಯನ್ನು ಸುತ್ತುವವನ ಕಣ್ಣಿಗೆ ತುಂಡು ತುಂಡಾಗಿ ತೆರೆದುಕೊಳ್ಳುತ್ತವೆ. ಹೊಯ್ಸಳ ಗುಡಿಯ ಸುತ್ತ ಎತ್ತರಿಸಿ ಕಟ್ಟುವ ಜಗತಿ, ಅಂದರೆ ಪ್ರದಕ್ಷಿಣೆಗೆ ಬಿಟ್ಟ ಕಟ್ಟೆ, ಈ ನೋಟಕ್ಕಾಗಿಯೇ ಇದೆಯೆಂದರೂ ಸಲ್ಲುತ್ತದೆ.

ಅದೇ ಊರಿನ ಕಲ್ಲೇಶ್ವರ ಗುಡಿ ಹೊನ್ನೋಜನಿಗಿಂತ ಮೂರೂವರೆ ಶತಮಾನಗಳಷ್ಟು ಹಿಂದಿನದು; ಗಂಗ–ನೊಳಂಬ ಶೈಲಿಯದು, ಒಂಬತ್ತನೆಯ ಶತಮಾನದ ಕೊನೆಗೆ ಸೇರಿದ್ದು. ಹೊರಗಿನಿಂದ ನೋಡಿದವರು ಇದನ್ನು ಸಾಧಾರಣ ಗುಡಿಯೆಂದೇ ತಿಳಿದಾರು. ಒಳಗೆ ತಲೆಯೆತ್ತಿದರೆ ಮಾತು ಬೇರೆ: ಒಂಬತ್ತು ಅಂಕಣಗಳಾಗಿ ವಿಭಾಗಿಸಿದ ಭುವನೇಶ್ವರಿಯಲ್ಲಿ, ಅಂದರೆ ಕೆತ್ತನೆಯುಳ್ಳ ಒಳಛಾವಣಿಯಲ್ಲಿ, ನಡುವೆ ಶಿವ ನರ್ತಿಸುತ್ತಿದ್ದರೆ ಸುತ್ತಲಿನ ಎಂಟು ಅಂಕಣಗಳಲ್ಲಿ ಆನೆಯ ಮೇಲೆ ಇಂದ್ರ, ಟಗರಿನ ಮೇಲೆ ಅಗ್ನಿ, ಕೋಣದ ಮೇಲೆ ಯಮ ಎಂಬಂತೆ ಅಷ್ಟದಿಕ್ಪಾಲಕರು ತಂತಮ್ಮ ವಾಹನಗಳ ಮೇಲೆ ತಮ್ಮ ತಮ್ಮ ದಿಕ್ಕು ಕಾಯುತ್ತಿದ್ದಾರೆ. ಹೊನ್ನೋಜನ ಕೆಲಸ ಹರಳುಗಟ್ಟಿದ ಕುಸುರಿಯಾದರೆ ಇಲ್ಲಿಯದು ಮೈತುಂಬಿದ, ಆಭರಣ ಕಡಿಮೆಯಾದ ಶಿಲ್ಪ. ಚಲನೆಯ ದೃಷ್ಟಿಯಿಂದ ತೂಗಿದರೆ ಹಳೆಯದರ ಕೈಯೇ ಮೇಲು.

ಹೊಯ್ಸಳ ಕುಸುರಿಗೆ ಆಧಾರವಾದದ್ದು ಬಳಪದ ಕಲ್ಲು. ಗಣಿಯಿಂದ ತೆಗೆದಾಗ ಮೆತ್ತಗಿದ್ದು ಗಾಳಿಗೆ ಒಡ್ಡಿಕೊಂಡಂತೆ ಗಟ್ಟಿಯಾಗುವ ಈ ಕಲ್ಲಿನ ಕಂಬಗಳನ್ನು ಚರಕಿಗೆ ಹೂಡಿ ತಿರುಗಿಸಿ ಕಡೆಯುತ್ತಿದ್ದರು. ಹೊಳಪಿನಲ್ಲಿ ಇದನ್ನು ಮೀರಿಸುವ ಕರಿಗಲ್ಲೂ ಈ ಸೀಮೆಯಲ್ಲಿದೆ: ಶ್ರೀರಂಗಪಟ್ಟಣದ ಗುಂಬಜ್‌ನ ನುಣುಪಾದ ಕರಿಕಂಬಗಳ ಕಲ್ಲು ತುರುವೇಕೆರೆಯ ಬಳಿಯಿಂದ ಹೋದದ್ದೆಂಬ ಮಾತು ಬಹುಕಾಲದಿಂದ ದಾಖಲಾಗಿದೆ.

ಇಂಥ ಕಟ್ಟಡಗಳನ್ನು ದುರಸ್ತಿ ಮಾಡುವಾಗ ಏನನ್ನು ಮಾಡಬಾರದು ಎಂಬುದೇ ಮುಖ್ಯ ಪ್ರಶ್ನೆ. ಜಾನ್ ಮಾರ್ಷಲ್ ಅವರು 1923ರಲ್ಲಿ ಪ್ರಕಟಿಸಿದ ಸಂರಕ್ಷಣಾ ಕೈಪಿಡಿ ಹಾಕಿಕೊಟ್ಟ, ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆ ಅನುಸರಿಸುತ್ತ ಬಂದ ನಿಯಮದ ಪ್ರಕಾರ, ಭಾರ ಹೊರುವ ಸಾದಾ ಕಲ್ಲು ಮುರಿದಿದ್ದರೆ ಬದಲಿಸಬಹುದು, ಸೋರುವ ಮಾಳಿಗೆಗೆ ಗಾರೆ ಹಾಕಬಹುದು, ಆದರೆ ಮುಕ್ಕಾದ ವಿಗ್ರಹಕ್ಕೆ ಹೊಸ ಮೂಗು, ಹೊಸ ಕೈ ಕೂಡಿಸಬಾರದು. ಜೀರ್ಣೋದ್ಧಾರವೆಂದರೆ ಗುಡಿಯನ್ನು ಹೊಸದಾಗಿಸುವುದೆಂದು ನಂಬಿ ಬಳಪದ ಕಲ್ಲಿಗೆ ಬಣ್ಣ ಬಳಿಯುವ ಭಕ್ತರಿಗೆ ಈ ನಿಯಮ ಒರಟಾಗಿ ಕಾಣುತ್ತದೆ. ಕಟ್ಟಡ ಯಾರದೆಂಬುದು ಗೊತ್ತಿರುವ ಕಡೆಯಂತೂ ನಿಯಮ ಸರಿಯೇ: ಹೊನ್ನೋಜನ ಸಾಲಿನಲ್ಲಿ ಇಪ್ಪತ್ತೊಂದನೆಯ ಶತಮಾನದ ಕೈ ಸೇರಿದರೆ, ಅವನ ಹೆಸರು ಸುಳ್ಳು ರುಜುವಾತಾಗುತ್ತದೆ.

ತುಮಕೂರು ಸೀಮೆಯಲ್ಲಿ ಶಿಲ್ಪಿಯೆಂದೊಡನೆ ಜನರ ಬಾಯಿಗೆ ಬರುವುದು ಜಕಣಾಚಾರಿಯ ಹೆಸರು. ಕಲ್ಲಿನೊಳಗಿನ ಕಪ್ಪೆಯ ಕಥೆ, ಕಡಿದ ಕೈ ಕೈದಾಳದಲ್ಲಿ ಮರಳಿ ಬಂದ ಕಥೆ ಎಲ್ಲರಿಗೂ ಗೊತ್ತು. ಆದರೆ ಹೊಯ್ಸಳ ಗುಡಿಗಳ ಮೇಲೆ ರುಜು ಹಾಕಿದವರು ಬೇರೆ; ತಿಪಟೂರಿಗೆ ದೂರವಲ್ಲದ ನುಗ್ಗೇಹಳ್ಳಿಯಲ್ಲಿ 1246ರಲ್ಲಿ ಕೆಲಸ ಮಾಡಿದ ಬೈಚೋಜ ಮತ್ತು ಮಲ್ಲಿತಮ್ಮ ಅಂಥವರು. ಮಲ್ಲಿತಮ್ಮನ ಕೈ ಮುಂದೆ ಸೋಮನಾಥಪುರದವರೆಗೂ ನಡೆಯಿತು. ಕಥೆಯ ಶಿಲ್ಪಿಗೆ ಸಿಕ್ಕ ಮನ್ನಣೆಯ ಒಂದಂಶವೂ ಇವರಿಗೆ ಸಿಕ್ಕಿಲ್ಲ. ಬೇಲೂರು, ಹಳೇಬೀಡು, ಸೋಮನಾಥಪುರಗಳು 2023ರಲ್ಲಿ ಯುನೆಸ್ಕೊ ಪಟ್ಟಿ ಸೇರಿದ ಮೇಲೆ ಪ್ರವಾಸಿಗರ ದಾರಿ ಅತ್ತ ಇನ್ನಷ್ಟು ಗಟ್ಟಿಯಾಗಿದೆ.

ಅರಳಗುಪ್ಪೆಗೆ ಹೋಗುವವರು ತಿಪಟೂರಿನಿಂದಲೋ, ಬೆಂಗಳೂರು–ಅರಸೀಕೆರೆ ರೈಲುಮಾರ್ಗದ ಬಾಣಸಂದ್ರ ನಿಲ್ದಾಣದಿಂದಲೋ ಹೊರಡಬಹುದು. ಕಲ್ಲೇಶ್ವರನ ಒಳಛಾವಣಿಗೆ ಬ್ಯಾಟರಿ ಬೇಕು, ಚೆನ್ನಕೇಶವನ ಹೊರಗೋಡೆಗೆ ಓರೆ ಬಿಸಿಲು ಬೇಕು. ಆದ್ದರಿಂದ ಬೆಳಿಗ್ಗೆಯೇ ತಲುಪಿ, ಮೊದಲು ಹೊನ್ನೋಜನ ಗೋಡೆಯನ್ನು ಸುತ್ತಿ, ಬಿಸಿಲು ನೆತ್ತಿಗೇರಿದ ಮೇಲೆ ಕಲ್ಲೇಶ್ವರನ ಒಳಗೆ ಹೋಗುವುದು ಲೇಸು.