ಸ್ವಂತ ವ್ಯವಸ್ಥೆಯಲ್ಲಿ ರೋಮ್, ಅಸ್ಸಿಸಿ, ಪಾದುವಾ ಯಾತ್ರೆ: ಖರ್ಚು ಉಳಿಸಲು ಕೆಲವು ಸೂಚನೆಗಳು

ಬದುಕಿನಲ್ಲಿ ಒಮ್ಮೆಯಾದರೂ ರೋಮ್ ನೋಡಬೇಕು, ಸಂತ ಪೇತ್ರರ ಸಮಾಧಿಯ ಮುಂದೆ ಮೊಣಕಾಲೂರಿ ಪ್ರಾರ್ಥಿಸಬೇಕು ಎಂಬ ಆಸೆ ಕರಾವಳಿಯ ಅನೇಕ ಕಥೊಲಿಕ ಕುಟುಂಬಗಳಲ್ಲಿದೆ. ಈ ಆಸೆ ಈಡೇರಿಸಲು ಹಿರಿಯರು ಬ್ಯಾಂಕಿನ ಠೇವಣಿ ಮುರಿಯುವುದೂ, ಮಕ್ಕಳು ಸಾಲ ಮಾಡುವುದೂ ಉಂಟು. ಹತ್ತು ಹನ್ನೆರಡು ದಿನಗಳಲ್ಲಿ ಆರೇಳು ದೇಶ ತೋರಿಸುವ ಪ್ಯಾಕೇಜ್‌ಗಳಲ್ಲಿ ಹೆಚ್ಚಿನ ಹೊತ್ತು ಬಸ್ಸಿನಲ್ಲೇ ಕಳೆಯುತ್ತದೆ, ಪ್ರಾರ್ಥನೆಗೆ ಉಳಿಯುವುದು ಸ್ವಲ್ಪವೇ. ನಡೆದಾಡಲು ತ್ರಾಣವಿಲ್ಲದವರಿಗೆ ಪ್ಯಾಕೇಜ್ ಪ್ರವಾಸವೇ ಸೂಕ್ತ. ಉಳಿದವರು ಸ್ವಲ್ಪ ತಯಾರಿ ಮಾಡಿಕೊಂಡರೆ ಸ್ವಂತವಾಗಿ ಹೋಗಿ ಬರಬಹುದು.

ಒಂದು ಮಾತು ನೆನಪಿರಲಿ. ಈ ಪುಣ್ಯಕ್ಷೇತ್ರಗಳಲ್ಲಿ ಪ್ರಾರ್ಥನೆಗೆ ಹಣ ಕೊಡಬೇಕಿಲ್ಲ. ಹಣ ಖರ್ಚಾಗುವುದು ಓಡಾಟಕ್ಕೆ ಮತ್ತು ವಸತಿಗೆ. ಆದ್ದರಿಂದ ಊರುಗಳು ಕಡಿಮೆಯಾಗಲಿ, ಒಂದೊಂದು ಊರಿನಲ್ಲಿ ಉಳಿಯುವ ದಿನಗಳು ಹೆಚ್ಚಾಗಲಿ. ಮೊದಲ ಬಾರಿ ಹೋಗುವವರಿಗೆ ರೋಮ್, ಅಸ್ಸಿಸಿ, ಪಾದುವಾ ಈ ಮೂರು ಊರುಗಳು ಸಾಕು.

ವೀಸಾ

ಇಟಲಿ ಸೇರಿದಂತೆ ಯುರೋಪಿನ 29 ದೇಶಗಳಿಗೆ ಷೆಂಗೆನ್ ವೀಸಾ ಒಂದೇ ಸಾಕು. ಇಂಗ್ಲೆಂಡಿಗೂ ಐರ್ಲೆಂಡಿಗೂ ಅದು ನಡೆಯುವುದಿಲ್ಲ. ಪ್ರಯಾಣಕ್ಕೆ 6 ತಿಂಗಳು ಮೊದಲಿನಿಂದ 15 ದಿನ ಮೊದಲಿನವರೆಗೆ ಅರ್ಜಿ ಹಾಕಬಹುದು, ಆದರೆ ಕೊನೆಯ ಗಳಿಗೆಗೆ ಕಾಯಬಾರದು. ನಮ್ಮ ಭಾಗದವರು ಬೆಂಗಳೂರಿನ ವೀಸಾ ಅರ್ಜಿ ಕೇಂದ್ರಗಳಿಗೆ ಹೋಗಬಹುದು. ಗಲ್ಫ್‌ನಲ್ಲಿ ನೆಲೆಸಿ ದುಡಿಯುತ್ತಿರುವವರು ಅಲ್ಲಿಂದಲೇ ಅರ್ಜಿ ಹಾಕಬಹುದು. 2024ರ ಜೂನ್‌ನಿಂದ ವಯಸ್ಕರಿಗೆ ಶುಲ್ಕ 90 ಯೂರೊ, 6ರಿಂದ 12 ವರ್ಷದೊಳಗಿನ ಮಕ್ಕಳಿಗೆ 45 ಯೂರೊ. ಅರ್ಜಿ ಕೇಂದ್ರದ ಸೇವಾ ಶುಲ್ಕ ಬೇರೆ. ಕನಿಷ್ಠ 30,000 ಯೂರೊ ಮೊತ್ತದ ಪ್ರಯಾಣ ವೈದ್ಯಕೀಯ ವಿಮೆ ಕಡ್ಡಾಯ. ಹಿಂತಿರುಗಿದ ಮೇಲೂ ಪಾಸ್‌ಪೋರ್ಟಿಗೆ ಮೂರು ತಿಂಗಳ ಅವಧಿ ಉಳಿದಿರಬೇಕು.

ವೀಸಾ ನಿರಾಕರಿಸಿದರೆ ಶುಲ್ಕ ಮರಳಿ ಸಿಗುವುದಿಲ್ಲ. ಆದ್ದರಿಂದ ವೀಸಾ ಕೈಸೇರುವವರೆಗೆ ರದ್ದು ಮಾಡಲಾಗದ ಟಿಕೆಟ್ ಕೊಳ್ಳಬೇಡಿ. "ವೀಸಾ ಖಂಡಿತ ಕೊಡಿಸುತ್ತೇವೆ" ಎಂದು ಯಾರೂ ಭರವಸೆ ಕೊಡಲಾರರು. ಹಾಗೆ ಹೇಳಿ ಹಣ ಕೇಳುವವರಿಂದ ದೂರವಿರಿ. ಪ್ರವಾಸಿ ವೀಸಾದಲ್ಲಿ ಹೋಗಿ ಅಲ್ಲಿ ಕೆಲಸಕ್ಕೆ ಸೇರಬಹುದೆಂಬ ಮಾತಿಗೆ ನಮ್ಮ ಯುವಜನರು ಮರುಳಾಗಬಾರದು. ಅದು ಕಾನೂನಿಗೆ ವಿರುದ್ಧ. ಸಿಕ್ಕಿಬಿದ್ದರೆ ಹಣವೂ ಹೋಗುತ್ತದೆ, ಮುಂದಿನ ಅವಕಾಶಗಳೂ ಮುಚ್ಚಿಹೋಗುತ್ತವೆ.

ವಸತಿ ಮತ್ತು ಊಟ

ಇಟಲಿಯಲ್ಲಿ ಧರ್ಮಭಗಿನಿಯರೂ ಧಾರ್ಮಿಕ ಸಭೆಗಳೂ ನಡೆಸುವ ಅತಿಥಿಗೃಹಗಳು ಅನೇಕ ಇವೆ. ಕೋಣೆಗಳು ಸರಳವಾಗಿದ್ದರೂ ಶುಚಿಯಾಗಿರುತ್ತವೆ, ಸುರಕ್ಷಿತವೂ ಹೌದು. ಹಲವು ಕಡೆ ರಾತ್ರಿ ಬಾಗಿಲು ಮುಚ್ಚುವ ಸಮಯ ಗೊತ್ತುಪಡಿಸಿರುತ್ತಾರೆ, ಮೊದಲೇ ಕೇಳಿಕೊಳ್ಳಿ. ನಮ್ಮ ಧರ್ಮಕೇಂದ್ರದಲ್ಲಿರುವ ಧರ್ಮಭಗಿನಿಯರ ಸಭೆಗೆ ರೋಮ್‌ನಲ್ಲಿ ಮನೆಯಿದ್ದರೆ ಅವರ ಮೂಲಕ ವಿಚಾರಿಸಬಹುದು. ರೋಮ್‌ನಲ್ಲಿ ಬಾಡಿಗೆಯ ಜೊತೆಗೆ ತಲಾ ಒಂದು ರಾತ್ರಿಗೆ ನಗರ ತೆರಿಗೆಯೂ ಇದೆ.

ಹೋಟೆಲಿನಲ್ಲಿ ಕುಳಿತ ಮಾತ್ರಕ್ಕೆ ತಲಾ ಇಷ್ಟೆಂದು ಬಿಲ್ಲಿಗೆ ಸೇರಿಸುವ ಪದ್ಧತಿ ಇಟಲಿಯಲ್ಲಿದೆ. ಕಾಫಿಯನ್ನು ನಿಂತು ಕುಡಿದರೆ ಅಗ್ಗ. ಕುಡಿಯುವ ನೀರನ್ನು ಕೊಳ್ಳಬೇಕಾಗಿಲ್ಲ. ರೋಮ್‌ನ ಬೀದಿಗಳಲ್ಲಿ ಸದಾ ಹರಿಯುವ ನಲ್ಲಿಗಳಿವೆ, ನೀರು ಚೆನ್ನಾಗಿದೆ. ಒಂದು ಖಾಲಿ ಬಾಟಲಿ ಜೊತೆಗಿರಲಿ.

ಓಡಾಟ

ರೋಮ್‌ನ ಫಿಯುಮಿಚೀನೊ ವಿಮಾನ ನಿಲ್ದಾಣದಿಂದ ನಗರದ ಟರ್ಮಿನಿ ನಿಲ್ದಾಣಕ್ಕೆ ನೇರ ರೈಲು 32 ನಿಮಿಷದಲ್ಲಿ ತಲುಪುತ್ತದೆ. ಬಸ್ಸಿನಲ್ಲಿ ಹೊತ್ತು ಹೆಚ್ಚು ಬೇಕು, ಆದರೆ ದರ ಸುಮಾರು ಅರ್ಧ. ಅಸ್ಸಿಸಿಗೆ ರೈಲಿನಲ್ಲಿ ಎರಡು ಮೂರು ಗಂಟೆ. ಪ್ರಾದೇಶಿಕ ರೈಲುಗಳ ದರ ಒಂದೇ ಆಗಿರುತ್ತದೆ, ಪಾದುವಾಕ್ಕೆ ಹೋಗುವಂಥ ವೇಗದ ರೈಲುಗಳಿಗೆ ಮಾತ್ರ ಮುಂಚೆಯೇ ಕಾದಿರಿಸಿದರೆ ಅಗ್ಗ. ಪ್ರಾದೇಶಿಕ ರೈಲಿನ ಕಾಗದದ ಟಿಕೆಟ್ಟಿಗೆ ಹತ್ತುವ ಮೊದಲು ನಿಲ್ದಾಣದ ಯಂತ್ರದಲ್ಲಿ ಮುದ್ರೆ ಒತ್ತಿಸಬೇಕು. ಇದನ್ನು ತಿಳಿಯದೆ ಎಷ್ಟೋ ಪ್ರವಾಸಿಗರು ದಂಡ ತೆರುತ್ತಾರೆ. ಪಾದುವಾದಿಂದ ವೆನಿಸ್ ಅರ್ಧ ಗಂಟೆಯ ದಾರಿ. ರೋಮ್‌ಗೆ ಹೋಗಿ ವೆನಿಸ್‌ನಿಂದ ಮರಳುವಂತೆ ವಿಮಾನ ಟಿಕೆಟ್ ಸಿಕ್ಕಿದರೆ ಹಿಂದೆ ಬರುವ ಖರ್ಚು ಉಳಿಯುತ್ತದೆ.

ಬಸ್ಸು, ಮೆಟ್ರೊಗಳಲ್ಲಿ ಜೇಬುಗಳ್ಳರ ಕಾಟವಿದೆ. ಟರ್ಮಿನಿಯಿಂದ ವ್ಯಾಟಿಕನ್ ಕಡೆಗೆ ಹೋಗುವ 64ನೇ ನಂಬರಿನ ಬಸ್ಸು ಇದಕ್ಕೇ ಹೆಸರುವಾಸಿ. ಕಾರ್ಡ್ ಬಳಸುವಾಗ ಯಂತ್ರವು ರೂಪಾಯಿಯೋ ಯೂರೊವೋ ಎಂದು ಕೇಳಿದರೆ ಯೂರೊ ಎಂದೇ ಒತ್ತಿ. ರೂಪಾಯಿ ಆರಿಸಿದರೆ ಸಾಮಾನ್ಯವಾಗಿ ನಷ್ಟ.

ದರ್ಶನ ಮತ್ತು ಪ್ರಾರ್ಥನೆ

ರೋಮ್‌ನ ನಾಲ್ಕು ಮಹಾ ಬೆಸಿಲಿಕಾಗಳಿಗೂ ಪ್ರವೇಶ ಉಚಿತ. 2025ರ ಏಪ್ರಿಲ್‌ನಲ್ಲಿ ಪೋಪ್ ಫ್ರಾನ್ಸಿಸ್‌ರನ್ನು ಸಮಾಧಿ ಮಾಡಿದ ಸಾಂತಾ ಮರಿಯಾ ಮಜ್ಜೋರೆ ಬೆಸಿಲಿಕಾಕ್ಕೆ ಟರ್ಮಿನಿಯಿಂದ ನಡೆದೇ ಹೋಗಬಹುದು. ಪೋಪರ ಬುಧವಾರದ ಸಾರ್ವಜನಿಕ ಭೇಟಿಯ ಟಿಕೆಟ್ ಕೂಡ ಉಚಿತ. ಅದಕ್ಕೆ ಯಾರಾದರೂ ಹಣ ಕೇಳಿದರೆ ಕೊಡಬೇಡಿ. ಪೋಪರು ವ್ಯಾಟಿಕನ್‌ನಲ್ಲಿದ್ದರೆ ಭಾನುವಾರ ಮಧ್ಯಾಹ್ನ 12ಕ್ಕೆ ಚೌಕದಲ್ಲಿ ನಡೆಯುವ ಪ್ರಾರ್ಥನೆಗೆ ಟಿಕೆಟ್ಟೇ ಬೇಡ. ವ್ಯಾಟಿಕನ್ ವಸ್ತುಸಂಗ್ರಹಾಲಯಕ್ಕೆ ತಿಂಗಳ ಕೊನೆಯ ಭಾನುವಾರ ಬೆಳಿಗ್ಗೆ ಉಚಿತ ಪ್ರವೇಶವಿದೆ, ಸರತಿ ಮಾತ್ರ ಉದ್ದ. ಭುಜ ಮತ್ತು ಮೊಣಕಾಲು ಮುಚ್ಚುವ ಉಡುಪು ಎಲ್ಲೆಡೆ ಅಗತ್ಯ.

ಅಸ್ಸಿಸಿಯ ರೈಲು ನಿಲ್ದಾಣ ಬೆಟ್ಟದ ಕೆಳಗಿದೆ. ಸಂತ ಫ್ರಾನ್ಸಿಸರ ಪೊರ್ಸಿಯುಂಕೊಲಾ ಎಂಬ ಪುಟ್ಟ ಪ್ರಾರ್ಥನಾಲಯವಿರುವ ಬೆಸಿಲಿಕಾ ಅಲ್ಲಿಗೆ ಹತ್ತಿರ. ಅದನ್ನು ಮೊದಲು ನೋಡಿ ಬಸ್ಸಿನಲ್ಲಿ ಮೇಲಕ್ಕೆ ಹೋದರೆ ಸಂತ ಫ್ರಾನ್ಸಿಸರ ಸಮಾಧಿಯೂ, 2025ರ ಸೆಪ್ಟೆಂಬರ್ 7ರಂದು ಸಂತರೆಂದು ಘೋಷಿತರಾದ ಕಾರ್ಲೊ ಅಕುಟಿಸರ ಸಮಾಧಿಯೂ ಇವೆ. ಪಾದುವಾದಲ್ಲಿ ಸಂತ ಅಂತೋನಿಯವರ ಬೆಸಿಲಿಕಾಕ್ಕೂ ಶುಲ್ಕವಿಲ್ಲ. ಬಲಿಪೂಜೆ ಅರ್ಪಿಸಲು ಬಯಸುವ ಧರ್ಮಗುರುಗಳು ತಮ್ಮ ಧರ್ಮಾಧ್ಯಕ್ಷರಿಂದ ಅಥವಾ ಮೇಲಧಿಕಾರಿಗಳಿಂದ ಸೆಲೆಬ್ರೆಟ್ ಪತ್ರ ಒಯ್ಯಬೇಕು.

ನಾಲ್ಕಾರು ಮಂದಿ ಸೇರಿ ಹೋಗುವುದು ಒಳ್ಳೆಯದು. ಅವರಲ್ಲಿ ಮೊಬೈಲಿನಲ್ಲಿ ನಕ್ಷೆ ನೋಡಲು, ಟಿಕೆಟ್ ಮಾಡಲು ಬಲ್ಲ ಒಬ್ಬ ಯುವಕನೋ ಯುವತಿಯೋ ಇರಲಿ. ದಿನಕ್ಕೆ ಒಂದೆರಡು ಸ್ಥಳಗಳಷ್ಟೇ ಸಾಕು, ಉಳಿದ ಹೊತ್ತು ಪ್ರಾರ್ಥನೆಗೂ ವಿಶ್ರಾಂತಿಗೂ ಮೀಸಲಾಗಲಿ. ಸಾಲದ ಹೊರೆಯಿಲ್ಲದೆ ಹೋಗಿ, ನೆಮ್ಮದಿಯಿಂದ ಪ್ರಾರ್ಥಿಸಿ ಬನ್ನಿ.